ಬೆನ್ನ ಮೇಲೆ ದೀಪ ಇತ್ತಲ್ಲ, ಆ ಆಮೆ

ರಾತ್ರಿ ಹತ್ತೂವರೆಗೆ ಕೌಲ್‌ಬಜಾರಿನಲ್ಲಿ ಕರೆಂಟು ಹೋದಾಗ
ಹದಿನೆಂಟು ಮಷಿನುಗಳೂ ಒಂದೇ ಸಲ ಸುಮ್ಮನಾದವು.
ಅರ್ಧ ಹೊಲಿದ ಜೀನ್ಸ್ ಪ್ಯಾಂಟುಗಳು
ಒಂಟಿ ಕಾಲಲ್ಲಿ ಸೂಜಿಯ ಕೆಳಗೇ ನಿಂತವು.
ನೀಲಿ ಹತ್ತಿದ ಕೈಯಲ್ಲೇ
ಚಹಾದ ಲೋಟ ಹಿಡಿದು ಹೊರಗಿನ ಕಟ್ಟೆಗೆ ಬಂದೆವು.

ಎರ್ರಿಸ್ವಾಮಿ ಶುರು ಮಾಡಿದ:
"ಬೆನ್ನ ಮೇಲೆ ದೀಪ ಇತ್ತಲ್ಲಲೇ, ಒಂದು ಆಮೆ,
ಸಾಲಿ ಬಿಟ್ಟು ಬಂದ ಕೂಡ್ಲೆ ಟೀವಿಯಾಗ ಬರ್ತಿತ್ತು,
ಅದರ ಹೆಸರೇನು?"

ಹೆಸರು ನಾಲಿಗೆಯ ತುದಿಗೆ ಬಂತು,
ಹಲ್ಲಿಗೆ ತಾಗಿ ವಾಪಸ್ಸು ಹೋಯಿತು.
ನಾಲ್ವರದ್ದೂ ಅದೇ ಕಥೆ.

ಶೇಕ್ಷಾವಲಿ ಅಂದ, ಆಮೆ ಹಸಿರು.
ಇಲ್ಲ, ನೇರಳೆ, ಅಂದ ಎರ್ರಿ.
ಅವರ ಟೀವಿಯ ಪಿಕ್ಚರ್ ಟ್ಯೂಬು ಕೆಟ್ಟಿತ್ತು,
ಅವನ ಬಾಲ್ಯದಲ್ಲಿ ವಾರ್ತೆ ಓದುವವರೂ ನೇರಳೆ.
ತೆಲುಗು ಮಾತಾಡ್ತಿತ್ತು ಅಂತ ಗಾದಿಲಿಂಗ.
ಹಿಂದಿ, ಖರೇನೇ ಹಿಂದಿ, ಅಂತ ಶೇಕ್ಷಾ.
ನನ್ನ ಆಮೆ ಮಾತೇ ಆಡುವುದಿಲ್ಲ:
ಅಪ್ಪನಿಗೆ ರಾತ್ರಿ ಪಾಳಿ, ಸಂಜೆವರೆಗೂ ನಿದ್ದೆ,
ನಾನು ಸೌಂಡು ಸೊನ್ನೆಗಿಟ್ಟು ನೋಡುತ್ತಿದ್ದೆ.
ದೀಪ ಹತ್ತಿದಾಗಲೆಲ್ಲ
ನಾನೇ ಬಾಯೊಳಗೆ ಟಿಣ್ ಅನ್ನುತ್ತಿದ್ದೆ.

ಮಾತು ಗೇಮಿಗೆ ಹೊರಳಿತು.
ಮೌಲಾಸಾಬನ ಸೈಕಲ್ ಶಾಪಿನ ಹಿಂದಿನ ಕೋಣೆ,
ಗಂಟೆಗೆ ಐದು ರೂಪಾಯಿ, ಹಳದಿ ಕ್ಯಾಸೆಟ್ಟು.
ಮೇಲೆ ಅಚ್ಚು: ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟ.
ಒಳಗೆ ಏಳು.
ಚಿತ್ರ ಗಡಗಡ ನಡುಗಿ ನಿಂತರೆ
ಕ್ಯಾಸೆಟ್ಟು ಕಿತ್ತು ಉಫ್ ಅಂತ ಊದಬೇಕು.
"ಊದೋದ್ರಾಗ ನಾನೇ ನಂಬರ್ ಒನ್" ಅಂದ ಗಾದಿಲಿಂಗ.
ಈಗ ಅವನ ಎದೆಯಲ್ಲಿ ನೂಲಿನ ಧೂಳು ಕೂತಿದೆ,
ನಕ್ಕರೆ ಕೆಮ್ಮು.

ನಾಲ್ಕನೇ ಲೆವೆಲ್ಲಿನ ಸೇತುವೆ ಯಾರೂ ದಾಟಿರಲಿಲ್ಲ.
ನಾನು ದಾಟಿದ್ದೆ, ಅಂದ ಶೇಕ್ಷಾ.
ಆಚೆ ಏನಿತ್ತು?
ಬಹಳ ಹೊತ್ತು ಯೋಚಿಸಿ
"ಇನ್ನೊಂದು ಸೇತುವೆ" ಅಂದ.

ಫೋನಿನಲ್ಲಿ ಹುಡುಕಿದೆವು: ಆಮೆ, ದೀಪ, ಕಾರ್ಟೂನು.
ಸಿಕ್ಕಿದ್ದು ಆಮೆಯಾಕಾರದ ಒಂದು ಮೇಜಿನ ಲೈಟು,
ಮುನ್ನೂರ ನಲವತ್ತೊಂಬತ್ತು ರೂಪಾಯಿ,
ಸ್ಟಾಕ್ ಮುಗಿದಿದೆ.

ಗುಂಡಿ ಹಾಕುವ ಸುಂಕಮ್ಮ ಅಷ್ಟು ಹೊತ್ತೂ ಬಾಗಿಲಲ್ಲಿ ಕೂತು
ಸೀರೆಗೆ ಅಂಟಿದ ದಾರ ಆರಿಸುತ್ತಿದ್ದಳು.
"ಅದು ಎಡಕ್ಕೆ ನಡೀತಿತ್ತು" ಅಂದಳು.

ಬಲಕ್ಕೆ!
ಇದೊಂದರಲ್ಲಿ ನಾಲ್ವರಿಗೂ ಒಂದೇ ಬಾಯಿ.

"ನಿಮಗೆ ಬಲಕ್ಕೆ. ಮುಂದೆ ಕೂತು ನೋಡಿದೋರು ನೀವು.
ನಾನು ಶೇಕ್ಷಾ ಅವರ ಕಿಟಕಿ ಹೊರಗ.
ಟೀವಿ ಬೆನ್ನು ನನ್ನ ಕಡೆ.
ಎದುರಿನ ಬೀರುವಿನ ಕನ್ನಡಿಯಾಗ ನೋಡ್ತಿದ್ದೆ.
ಮೂರು ವರ್ಷ."

ಯಾರೂ ಮಾತಾಡಲಿಲ್ಲ.
ಶೇಕ್ಷಾ ಖಾಲಿ ಲೋಟದೊಳಗೆ ನೋಡಿದ.
"ಬೀರು ಇತ್ತು" ಅಂದ.

ಎರ್ರಿಗೆ ಸುಮ್ಮನಿರಲು ಬರುವುದಿಲ್ಲ:
"ಕಡೇ ದಿನ ಎಲ್ರೂ ಅವರ ಮನ್ಯಾಗೇ ಇದ್ವಿ,
ಸರಿಯಾಗಿ ಆಗಲೇ ಕರೆಂಟು ಹೋತು,
ಕೊನಿ ಏನಾತೋ ಯಾರಿಗೂ ಗೊತ್ತಿಲ್ಲ."

"ಕರೆಂಟು ಹೋಗಿರಲಿಲ್ಲಪ್ಪಾ" ಅಂದಳು ಸುಂಕಮ್ಮ.
"ಟೀವಿ ಕಪ್ಪಾತು ಅಂತ ನೀವು ಕೂಗಿಕೊಂಡು ಓಡಿದ್ರಿ.
ಫ್ಯಾನು ತಿರುಗ್ತಾನೇ ಇತ್ತು.
ಅದು ಅದರ ದೀಪ ಆರಿಸ್ಕೊಂಡು ಮಲಗಿತ್ತು.
ಹಿಂದಾಗಡೆ ಹೆಸರು ಬಂದ್ವು, ಉದ್ದಕ.
ಕನ್ನಡಿಯಾಗ ಎಲ್ಲಾ ಉಲ್ಟಾ.
ಓದಾಕ ಬರಲಿಲ್ಲ."

ಅಷ್ಟರಲ್ಲಿ ಕರೆಂಟು ಬಂತು.
ಪ್ಯಾಂಟುಗಳು ಎರಡನೇ ಕಾಲು ಕೇಳಿದವು.

ಎರಡು ಬಂಡಲ್ ಆದ ಮೇಲೆ ಗಾದಿಲಿಂಗ
ಜೇಬಿನ ಒಳಬಟ್ಟೆಯ ಒಂದು ತುಂಡನ್ನು ನನ್ನ ಮುಂದೆ ಹಾಸಿದ,
ಯಾವ ಊರಿನ ಯಾರ ಕೈ ಇಳಿಯುವುದೋ ಆ ಜೇಬಿಗೆ.
ಮಾರ್ಕಿಂಗ್ ಚಾಕಿನಲ್ಲಿ ಬೆನ್ನು ಬರೆದಿದ್ದ, ದೀಪ ಬರೆದಿದ್ದ,
ತಲೆ ಬಿಟ್ಟಿದ್ದ.

"ಯಾವ ಕಡೆ ಮುಖ ಮಾಡ್ಲಿ?"

ಎಡಕ್ಕೆ, ಅಂದೆ.